ಹದಿನೇಳು ತಿಂಗಳ ವರ್ಷ

…ಅಥವಾ ವಕೀಲರು ಹದಿನೆಂಟು ಎಂದಿದ್ದರೇ? ಹದಿನೇಳು ಎಂದೇ ನನ್ನ ಕಿವಿಯಲ್ಲಿ ಉಳಿದಿದೆ, ಆದರೆ ನನ್ನ ಕಿವಿಯನ್ನು ನಂಬುವುದನ್ನು ಬಿಟ್ಟು ಬಹಳ ಕಾಲವಾಯಿತು. ಬೆರಳು ಮಡಿಚಿ ಎಣಿಸಿದರೆ ಎಂಬತ್ತೇಳರ ದೀಪಾವಳಿಯಿಂದ ಎಂಬತ್ತೊಂಬತ್ತರ ಮಾರ್ಚ್ ಕೊನೆಯವರೆಗೆ ಹದಿನೇಳು ತಿಂಗಳು, ಮೇಲೆ ಚೂರುಪಾರು ದಿನ. ಆದ್ದರಿಂದ ಅವರು ಹದಿನೇಳು ಎಂದೇ ಹೇಳಿರಬೇಕು. ಹೀಗೆ ಎಣಿಸಿ ಸರಿಮಾಡಿಕೊಂಡದ್ದನ್ನು ನೆನಪು ಎನ್ನಬಹುದೇ? ಅವರ ಕೈಯಲ್ಲಿ ಕೊಡೆ ಇತ್ತು. ಮಳೆಯ ಕೊಡೆಯೋ ಬಿಸಿಲಿನ ಕೊಡೆಯೋ ಗೊತ್ತಿಲ್ಲ. ಅಂಗಡಿಯ ಮೆಟ್ಟಿಲ ಮೇಲೆ ಅದನ್ನು ಮಡಿಚುತ್ತ ಅವರು ಅಂದದ್ದು ಇಷ್ಟು:

"ಸಾಹೇಬರ, ಕಾಯದೆ ಬದಲಾಗೇತ್ರಿ. ನಿಮ್ಮ ಈ ವರ್ಷ ದೀಪಾವಳಿಗೆ ಮುಗಿಯೂದಿಲ್ಲ. ಮಾರ್ಚಿಗೆ ಮುಗೀತೈತಿ."

ಅಬ್ಬಾ ಹಗ್ಗ ಅಳೆಯುತ್ತಿದ್ದ. ಅಳೆಯುವುದನ್ನು ನಿಲ್ಲಿಸಲಿಲ್ಲ. ಒಳಬಾಗಿಲಲ್ಲಿ ನಿಂತಿದ್ದ ಫೂಫಿ, ಎಂದರೆ ಅಬ್ಬಾನ ಅಕ್ಕ, ಮಾತ್ರ ಹೊರಗೆ ಬಂದಳು. ಆ ವರ್ಷ ಮುಗಿಯುವುದನ್ನು ನಮ್ಮ ಮನೆಯಲ್ಲಿ ಕಾಯುತ್ತಿದ್ದವಳು ಅವಳೊಬ್ಬಳೇ.

ಇಷ್ಟನ್ನು ಬರೆದ ಮೇಲೆ ಹಿಂದಕ್ಕೆ ಹೋಗಲೇಬೇಕು. ಇಲ್ಲದಿದ್ದರೆ ಒಂದು ವರ್ಷ ಮುಗಿಯದೇ ಇರುವುದರಿಂದ ಒಬ್ಬ ಹೆಂಗಸಿಗೆ ಏನು ನಷ್ಟ ಎಂದು ಯಾರಿಗೂ ತಿಳಿಯುವುದಿಲ್ಲ.

ನಮ್ಮದು ಹಳಿಯಾಳದ ಪೇಟೆಯಲ್ಲಿ ಹಗ್ಗ, ಕೊಡಲಿ, ಗರಗಸ, ಕುಡುಗೋಲಿನ ಅಂಗಡಿ. ತೇರಗಾಂವದ ರೈತರು ದನದ ದಾವಣಿಗೆ, ಬಾವಿಯ ಕೊಡಕ್ಕೆ ಹಗ್ಗ ಒಯ್ಯುತ್ತಿದ್ದರು. ಕಾಡಿನ ಕೆಲಸದವರು ಕೊಡಲಿ ಒಯ್ಯುತ್ತಿದ್ದರು. ಹಗ್ಗವನ್ನು ನಾವು ಮಾರಿನ ಲೆಕ್ಕದಲ್ಲಿ ಕೊಡುತ್ತಿದ್ದೆವು. ಎರಡೂ ಕೈ ಚಾಚಿದರೆ ಒಂದು ಮಾರು. ಅಬ್ಬಾನ ಕೈ ಉದ್ದ. ಅಳೆಯಲು ಅವನೇ ಏಳಲಿ ಎಂದು ಗಿರಾಕಿಗಳು ಕಾಯುತ್ತಿದ್ದರು.

ಈ ಅಂಗಡಿಯ ವರ್ಷ ದೀಪಾವಳಿಯ ಪಾಡ್ಯಕ್ಕೆ ಶುರುವಾಗಿ ಮುಂದಿನ ದೀಪಾವಳಿ ಅಮಾವಾಸ್ಯೆಗೆ ಮುಗಿಯುತ್ತಿತ್ತು. ಮುಸಲ್ಮಾನರ ಅಂಗಡಿಗೆ ದೀಪಾವಳಿಯ ವರ್ಷ ಯಾಕೆ ಎಂದು ನಾನು ಕೇಳಿದ ನೆನಪಿಲ್ಲ, ಆದರೆ ಉತ್ತರ ನೆನಪಿದೆ. ಅಜ್ಜ ಮೊದಲು ಪೇಟೆಯ ಒಬ್ಬ ಸಾವುಕಾರರ ಅಂಗಡಿಯಲ್ಲಿ ಲೆಕ್ಕ ಬರೆಯುತ್ತಿದ್ದ. ಸ್ವಂತ ಅಂಗಡಿ ಇಟ್ಟಾಗ ತಕ್ಕಡಿಯನ್ನು ಹೊಸದು ತಂದ, ವರ್ಷವನ್ನು ಮಾತ್ರ ಹಳೆಯದನ್ನೇ ತಂದ. ಆಗ ಕಾಯದೆಯೂ ಅಡ್ಡಿ ಮಾಡುತ್ತಿರಲಿಲ್ಲ. ಒಬ್ಬರ ವರ್ಷ ಯುಗಾದಿಗೆ, ಇನ್ನೊಬ್ಬರದು ದೀಪಾವಳಿಗೆ, ಮತ್ತೊಬ್ಬರದು ಮಾರ್ಚಿಗೆ. ಬೇಕಾದ ವರ್ಷ ಇಟ್ಟುಕೊಂಡು ಆದಾಯಕರ ಕಟ್ಟಬಹುದಿತ್ತು. ಅಮಾವಾಸ್ಯೆಯ ಸಂಜೆ ಪಕ್ಕದ ಅಂಗಡಿಗಳಲ್ಲಿ ವಹಿಯ ಪೂಜೆ ನಡೆಯುವಾಗ ಅಬ್ಬಾ ನಮ್ಮ ಹೊಸ ಕಿರ್ದಿಯ ಮೊದಲ ಹಾಳೆಯ ತಲೆಗೆ ಬಿಸ್ಮಿಲ್ಲಾದ ಅಂಕಿ ೭೮೬ ಬರೆದು, ಒಂದು ಮಾರು ಹಗ್ಗದ ವ್ಯಾಪಾರ ಜಮಾ ಹಿಡಿದು, ಪುಸ್ತಕ ಮುಚ್ಚುತ್ತಿದ್ದ. ಪಕ್ಕದವರು ಚುರುಮುರಿ, ಬತ್ತಾಸು ಕಳಿಸುತ್ತಿದ್ದರು. ಅದು ನಮ್ಮ ಹಬ್ಬವಲ್ಲ ಎಂದು ನನಗೆ ತಡವಾಗಿ ತಿಳಿಯಿತು.

ಇನ್ನು ಫೂಫಿಯನ್ನು ತೋರಿಸಿದ್ದು.

'ತೋರಿಸುವುದು' ಎಂಬ ಮಾತಿನ ಅರ್ಥ ನನಗೆ ಪೂರ್ತಿ ಆದದ್ದು ಮುಂದೆ ಮುಂಡಗೋಡದಲ್ಲಿ ಶಿಕ್ಷಕಿಯಾದಾಗ. ಫೆಬ್ರುವರಿ ಬಂತೆಂದರೆ ಶಾಲೆಯ ಕೋಣೆಯಲ್ಲಿ ಎಲ್ಲರೂ ಕರ ಉಳಿಸಲು ಏನಾದರೊಂದು ತೋರಿಸುವ ಗಡಿಬಿಡಿಯಲ್ಲಿರುತ್ತಿದ್ದರು. ಹೆಡ್‌ಮಾಸ್ತರರು ಪೋಸ್ಟಿನಲ್ಲಿ ಉಳಿತಾಯ ಪತ್ರ ಕೊಂಡು ತೋರಿಸುವರು. ಗಣಿತದ ಮಾಸ್ತರರು ಹೊಸ ವಿಮೆ ಮಾಡಿಸಿ ತೋರಿಸುವರು. ಇನ್ನೊಬ್ಬರು ತಮ್ಮ ಮಾವನ ಮನೆಯಲ್ಲೇ ಇದ್ದು ಮಾವನಿಂದಲೇ ಬಾಡಿಗೆ ಪಾವತಿ ಬರೆಸಿ ತರುವರು.

"ಏನ್ರಿ ಸರ್, ಮಾವಗ ಖರೇನೇ ಬಾಡಿಗಿ ಕೊಡ್ತೀರೇನ್ರಿ?" ಎಂದು ನಾನು ಕೇಳಿದೆ.

"ಅವರ ಮಗಳ್ನ ಸಾಕಾಕತ್ತೇನಲ್ರಿ, ಅದು ಬಾಡಿಗಿಗಿಂತ ಜಾಸ್ತಿ ಆತು. ಇರಲಿ, ಟೀಚರ, ನೀವೇನ ತೋರಸ್ತೀರಿ?"

"ಮಾರಿ ತೋರಸ್ತೇನ್ರಿ. ನನ್ನ ಪಗಾರಕ್ಕ ಅಷ್ಟ ಸಾಕ."

ಇದ್ದದ್ದನ್ನು ತೋರಿಸುವುದು, ಇಲ್ಲದ್ದನ್ನು ತೋರಿಸುವುದು, ತೋರಿಸುವ ಸಲುವಾಗಿಯೇ ಇರುವಂತೆ ಮಾಡುವುದು: ಮೂರಕ್ಕೂ ಒಂದೇ ಮಾತು. ಫೂಫಿ ಇದರಲ್ಲಿ ಯಾವ ಜಾತಿಗೆ ಸೇರಿದವಳು ಎಂಬುದೇ ಮುಂದಿನ ಎಲ್ಲ ಗೊಂದಲ.

ಅವಳ ಗಂಡ ದಾಂಡೇಲಿಯ ಮಿಲ್ಲಿನಲ್ಲಿ ಪಾಳಿಯ ಕೆಲಸಗಾರ. ಜ್ವರ ಬಂದು ತೀರಿಕೊಂಡ. ಮಕ್ಕಳಿರಲಿಲ್ಲ. ಫೂಫಿ ಒಂದು ಟ್ರಂಕಿನೊಂದಿಗೆ ತಮ್ಮನ ಮನೆಗೆ ಬಂದಳು. ಎಪ್ಪತ್ತರ ದಶಕದ ಕೊನೆಯ ಮಾತು. ಅದೇ ಸುಮಾರಿಗೆ ಹುಬ್ಬಳ್ಳಿಯ ಈ ಟ್ಯಾಕ್ಸ್ ವಕೀಲರು ಅಂಗಡಿಗೆ ಬಂದು ಕೂತು, ಗಳಿಕೆ ಒಬ್ಬರ ತಲೆಯ ಮೇಲೇ ಇದ್ದರೆ ಕರ ಭಾರ, ಇಬ್ಬರ ತಲೆಗೆ ಹಂಚಿದರೆ ಹಗುರ ಎಂದು ಅಬ್ಬಾಗೆ ವಿವರಿಸಿದರು. ಪಾಲುದಾರಿಕೆ ಮಾಡಿ ಎಂದರು.

"ನನ್ನ ಹೆಂಡ್ತಿ ಅದಾಳಲ್ರಿ, ಆಕೀನ ಬರೀರಿ" ಅಂದ ಅಬ್ಬಾ.

"ಹೆಂಡ್ತಿ ನಡಿಯೂದಿಲ್ರಿ. ಹೆಂಡ್ತಿ ಗಳಿಕಿ ತಂದು ನಿಮ್ಮ ಲೆಕ್ಕಕ್ಕ ಕೂಡಸ್ತಾರ. ಗಂಡ-ಹೆಂಡ್ತಿ ಒಂದ ಅಂತ ಕಾಯದೇನ ಹೇಳತೈತಿ."

"ಕಾಯದೆಗಾದ್ರೂ ತಿಳದೈತಿ" ಎಂದು ಅಮ್ಮಿ ಒಳಗಿನಿಂದ ಅಂದಳು.

ವಕೀಲರು ನನ್ನ ಕಡೆ ನೋಡಿದರು. ನಾನು ಸಾಲೆಯ ಪಾಟಿಚೀಲ ಹೆಗಲಿಗೆ ಹಾಕಿಕೊಂಡು ನಿಂತಿದ್ದೆ. ಗರಗಸಕ್ಕೆ ಬರುವ ಮರವೋ ಅಲ್ಲವೋ ಎಂದು ನೋಡುವ ಹಾಗೆ ನೋಡಿ, "ಇಕಿ ಸಣ್ಣಾಕಿ. ಇಕೀನೂ ನಿಮಗs ಕೂಡಸ್ತಾರ. ಅಕ್ಕಾರ ಅದಾರಲ್ರಿ, ಅಕ್ಕಾರು ನಡೀತಾರ" ಎಂದರು.

ಹೀಗೆ ಫೂಫಿ ನಡೆದಳು. ಕರಾರುಪತ್ರಕ್ಕೆ ಉರ್ದುವಿನಲ್ಲಿ ಸಹಿ ಹಾಕಿದಳು. ಪ್ರತಿವರ್ಷ ಒಂದು ಕಾಗದ ಬರುತ್ತಿತ್ತು. ಪಾಲುದಾರರು ಇಂತಿಂಥವರೇ ಇದ್ದಾರೆ, ಬದಲಾಗಿಲ್ಲ ಎಂದು ಎಲ್ಲರೂ ಸಹಿ ಮಾಡಬೇಕು. ಫೂಫಿ ಸಹಿ ಮಾಡುತ್ತಿದ್ದಳು. ಅವಳ ಪಾಲು ಅವಳ ಖಾತೆಯಲ್ಲಿ ವರ್ಷ ವರ್ಷ ಏರುತ್ತಿತ್ತು. ಖಾತೆಯಲ್ಲಿ ಮಾತ್ರ. ಹಣ ಅಂಗಡಿಯಲ್ಲೇ ಹಗ್ಗವಾಗಿ, ಕೊಡಲಿಯಾಗಿ ತಿರುಗುತ್ತಿತ್ತು.

ಅಬ್ಬಾ ಮೋಸಗಾರನಾಗಿರಲಿಲ್ಲ. ಈ ವಾಕ್ಯವನ್ನು ಬರೆದು, ಹೊಡೆದುಹಾಕಿ, ಮತ್ತೆ ಬರೆದಿದ್ದೇನೆ. ಅಕ್ಕನಿಗೆ ಊಟ, ಬಟ್ಟೆ, ಔಷಧ ಯಾವುದರಲ್ಲೂ ಕಡಿಮೆ ಮಾಡಿದವನಲ್ಲ. ಆದರೆ ಅವಳನ್ನು ಪಾಲುದಾರಳೆಂದು ತೋರಿಸುವುದು ಬೇರೆ, ಅವಳು ಪಾಲುದಾರಳಾಗಿರುವುದು ಬೇರೆ ಎಂದು ಅವನು ತಿಳಿದಿದ್ದ. ಪೇಟೆಯಲ್ಲಿ ಎಲ್ಲರೂ ಹಾಗೇ ತಿಳಿದಿದ್ದರು. ತಪ್ಪು ತಿಳಿದವಳು ಫೂಫಿ. ಅವಳಿಗೆ ಎರಡೂ ಒಂದೇ ಆಗಿತ್ತು. ಅಥವಾ ತಪ್ಪು ತಿಳಿದವಳಂತೆ ನಟಿಸಿದಳು. ಇದನ್ನೂ ಖಚಿತ ಹೇಳಲಾರೆ.

ಎಂಬತ್ತೆಂಟರ ರಮಜಾನ್ ತಿಂಗಳು. ನಾನು ಬೇಸಿಗೆ ಸೂಟಿಗೆ ಮನೆಗೆ ಬಂದಿದ್ದೆ. ವರ್ಷವಿಡೀ ಕೈಯಲ್ಲಿ ಉಳಿದ ಹಣ, ಬಂಗಾರದ ಮೇಲೆ ಬಡವರ ಭಾಗ ತೆಗೆದು ಕೊಡುವ ಜಕಾತ್ ಆ ತಿಂಗಳಲ್ಲೇ. ಒಂದು ಸಂಜೆ ರೋಜಾದ ಉಪವಾಸ ಬಿಟ್ಟು ಎಲ್ಲರೂ ಖರ್ಜೂರ ತಿನ್ನುತ್ತಿರುವಾಗ ಫೂಫಿ ಕೇಳಿದಳು. ನಮ್ಮ ಮನೆಮಾತು ಉರ್ದು. ಆದರೆ ಲೆಕ್ಕಕ್ಕೆ ಅಥವಾ ಜಗಳಕ್ಕೆ ಇಳಿದರೆ ಅಕ್ಕ ತಮ್ಮ ಇಬ್ಬರೂ ಕನ್ನಡಕ್ಕೆ ಬರುತ್ತಿದ್ದರು. ಅಂದು ಕನ್ನಡ ಬಂದಾಗಲೇ ಅಮ್ಮಿ ಖರ್ಜೂರದ ತಾಟು ಎತ್ತಿಕೊಂಡು ಒಳಗೆ ಹೋದಳು.

"ತಮ್ಮಾ, ಅಂಗಡ್ಯಾಗಿನ ನನ್ನ ಹಿಸ್ಸೇಕ ಜಕಾತ್ ನೀ ಕೊಡ್ತೀಯೋ, ನಾ ಕೊಡ್ಲೋ?"

ಅಬ್ಬಾ ನಕ್ಕ. ಆಮೇಲೆ ನಗು ನಿಂತಿತು. ಯಾಕೆಂದರೆ ಆ ಪ್ರಶ್ನೆಗೆ ಅಡ್ಡದಾರಿ ಇರಲಿಲ್ಲ. ನಾನು ಕೊಡುತ್ತೇನೆ ಎಂದರೆ ಹಣ ತನ್ನದು ಎಂದಂತೆ. ಹಾಗಾದರೆ ಸರ್ಕಾರಕ್ಕೆ ಬರೆದುಕೊಟ್ಟದ್ದು ಸುಳ್ಳು. ನೀನು ಕೊಡು ಎಂದರೆ ಹಣ ಅವಳದು. ಸರ್ಕಾರಕ್ಕೆ ಏನನ್ನು ಬೇಕಾದರೂ ತೋರಿಸಬಹುದು. ರೋಜಾ ಹಿಡಿಯುವ ಬಾಯಲ್ಲಿ ಸುಳ್ಳು ಹೇಳಲು ಅಬ್ಬಾನಿಂದ ಆಗುತ್ತಿರಲಿಲ್ಲ.

"ಆಪಾ, ಅದೇನ್ ಈಗ ಬಂತು? ಇಷ್ಟ ವರ್ಷ ನಾನs ಒಟ್ಟಿಗೆ ಕೊಡಾಕತ್ತೇನಲ್ಲ."

"ಅದಕ್ಕs ಕೇಳೇನಿ. ಇಷ್ಟ ವರ್ಷ ನನ್ನ ಪಾಪ ಹೊತ್ತೀಯೋ, ನನ್ನ ಪುಣ್ಯಾ ತಿಂದೀಯೋ, ಅದಾದ್ರೂ ತಿಳೀಲಿ."

ಈದ್ ಹತ್ತಿರ ಬಂದಾಗ ಒಂದು ಮಧ್ಯಾಹ್ನ ನೋಟುಗಳನ್ನು ಮಡಿಚಿ ಅವಳ ಕೈಯಲ್ಲಿಟ್ಟು, "ನೀನs ಕೊಡು" ಅಂದ. ಫೂಫಿ ಅದನ್ನು ಹಣೆಗೆ ಒತ್ತಿಕೊಂಡಳು. "ಸರ್ಕಾರದ ಮುಂದ ತೋರಿಸಿದ್ದಿ. ಈಗ ಅಲ್ಲಾನ ಮುಂದೂ ತೋರಿಸಿದಿ. ಸಾಕ" ಎಂದಳು.

ಇಲ್ಲಿ ನಾನು ಇದ್ದೆನೇ? ಹಣೆಗೆ ಒತ್ತಿಕೊಂಡದ್ದು ಕಣ್ಣಿಗೆ ಕಟ್ಟಿದಂತಿದೆ. ಅಮ್ಮಿ ಹೇಳಿದ್ದನ್ನು ನಾನೇ ನೋಡಿದೆ ಎಂದುಕೊಂಡಿರಲೂಬಹುದು.

ಅದಾದ ಮೇಲೆ ಫೂಫಿ ನಿಂತಲ್ಲಿ ನಿಲ್ಲಲಿಲ್ಲ. ಅವಳಿಗೆ ಬೇಕಾದದ್ದು ದಾಂಡೇಲಿಯಲ್ಲಿ ಒಂದು ಹಿಟ್ಟಿನ ಗಿರಣಿ. ತನ್ನ ಹಿಸ್ಸೆ ತೆಗೆದುಕೊಂಡು, ಪಾಲುದಾರಿಕೆ ಬಿಟ್ಟು, ತಮ್ಮನ ಮನೆಯಿಂದ ಹೊರಟು, ಮತ್ತೆ ಮಿಲ್ಲಿನ ಭೋಂಗಾ, ಆ ಪಾಳಿಯ ಸೈರನ್, ಕೇಳುವ ಊರಿನಲ್ಲಿ ಇರಬೇಕು. ಇಷ್ಟೇ ಅವಳ ಆಸೆ. ನನ್ನನ್ನು ಜೊತೆಗೆ ಕರೆದುಕೊಂಡು ಬಸ್ಸು ಹತ್ತಿದಳು. ಕೆಲಸಗಾರರ ಮನೆಗಳ ಸಾಲಿನ ಹಿಂದೆ ಒಂದು ಖೋಲಿ ನೋಡಿಟ್ಟಿದ್ದಳು. ಗಿರಣಿಗೆ ಬೇಕಾದ ಕರೆಂಟು ಅಲ್ಲಿ ಮೊದಲೇ ಇತ್ತು, ಹಿಂದೆ ಯಾರೋ ಬಡಿಗತನ ಮಾಡುತ್ತಿದ್ದರಂತೆ. ಖೋಲಿಯ ಮಾಲಕಿ ಒಬ್ಬ ಕ್ರಿಸ್ತಿಯನ್ ಮುದುಕಿ. ಎಲೆ ಅಡಿಕೆ ಕುಟ್ಟುತ್ತ ಕೂತಿದ್ದಳು.

"ಯಾವಾಗ ಬರ್ತಿಯವ್ವಾ ನೀ?"

"ದೀಪಾವಳಿಗೆ ನಮ್ಮ ವರ್ಷ ಮುಗೀತೈತ್ರಿ. ಮರುದಿನಾನs ಬರ್ತೇನಿ."

"ನಿಮ್ಮ ವರ್ಷ ದೀಪಾವಳಿಗೆ? ನೀವು ಸಾಬರಲ್ಲ?"

"ನಾವ್ ಸಾಬ್ರು. ನಮ್ಮ ಅಂಗಡಿ ಶೆಟ್ರು."

ಮುದುಕಿ ನಕ್ಕು ಕೆಮ್ಮಿದಳು. ದೀಪಾವಳಿಯವರೆಗೆ ಖೋಲಿಯನ್ನು ಬೇರೆಯವರಿಗೆ ಕೊಡುವುದಿಲ್ಲ, ಅದರ ಮರುದಿನ ಬಾಗಿಲು ತೆರೆಯುವವರಿಗೆ ಕೊಡುತ್ತೇನೆ ಎಂದಳು. ಮರಳುವಾಗ ಬಸ್ಸಿನಲ್ಲಿ ಫೂಫಿ ಕಿಟಕಿಯ ಸರಳನ್ನು ಬೆರಳಿನಿಂದ ಬಡಿಯುತ್ತಲೇ ಇದ್ದಳು. ನನಗೂ ಏನೋ ಚಡಪಡಿಕೆ. ಮುಂಡಗೋಡಕ್ಕೆ ವಾಪಸು ಹೋಗಬೇಕಿತ್ತು, ಹೋಗುವ ಮನಸ್ಸಿರಲಿಲ್ಲ. ಹಳಿಯಾಳದಲ್ಲಿ ಉಳಿಯುವ ಮನಸ್ಸೂ ಇರಲಿಲ್ಲ.

ಆಮೇಲೆ ವಕೀಲರು ಕೊಡೆ ಮಡಿಚಿದ್ದು.

ಈಗ ಆ ಮೆಟ್ಟಿಲಿಗೆ ಮರಳುತ್ತೇನೆ. ಇನ್ನು ಮೇಲೆ ದೇಶದಲ್ಲಿ ಎಲ್ಲರದೂ ಒಂದೇ ವರ್ಷ, ಏಪ್ರಿಲ್ ಒಂದರಿಂದ ಮಾರ್ಚ್ ಮೂವತ್ತೊಂದು, ಎಂದರು ವಕೀಲರು. ದೀಪಾವಳಿಯವರು ಹೊಸ ಲೆಕ್ಕಕ್ಕೆ ಬಂದು ಕೂಡುವುದಕ್ಕಾಗಿ ಈ ಸಲದ ವರ್ಷ ಉದ್ದವಾಗುತ್ತದೆ, ಒಂದೇ ಸಲ ಹದಿನೇಳು ತಿಂಗಳು. ಅದಕ್ಕೆ ಕರದಲ್ಲಿ ಏನೋ ರಿಯಾಯಿತಿ ಇದೆ, ಹೆದರಬೇಕಾಗಿಲ್ಲ, ಕಾಗದ ತಾನು ನೋಡಿಕೊಳ್ಳುತ್ತೇನೆ ಎಂದರು.

"ವಕೀಲರ, ವರ್ಷ ಅಂದ್ರ ಹಗ್ಗೇನ್ರಿ, ಜಗ್ಗಿದಷ್ಟ ಬರಾಕ?" ಅಂದಳು ಫೂಫಿ.

"ಜಗ್ಗಿದ್ದು ನಾನಲ್ರಿ ಅಕ್ಕಾರ. ದಿಲ್ಲಿಯವರು."

"ದಿಲ್ಲಿಯವರಿಗೆ ನನ್ನ ಗಿರಣಿ ಮ್ಯಾಲೆ ಯಾಕ ಸಿಟ್ಟು?"

ವಕೀಲರಿಗೆ ಗಿರಣಿಯ ವಿಷಯ ಗೊತ್ತಿರಲಿಲ್ಲ. ಅಬ್ಬಾ ಹೇಳಿದ. ಹೇಗೆ ಹೇಳಿದ ಎನ್ನುವುದು ನನಗೆ ಮುಖ್ಯ, ಆದರೆ ಅದೇ ಅಳಿಸಿಹೋಗಿದೆ. 'ಆಪಾ ದೀಪಾವಳಿಗೆ ಹಿಸ್ಸೆ ತಗೊಂಡು ಬಿಡ್ತಾಳಂತ, ಬರತೈತೇನ್ರಿ?' ಎಂದು ಕೇಳಿದನೋ, 'ದೀಪಾವಳಿಗೆ ಬಿಡಾಕ ಬರೂದಿಲ್ಲಲ್ರಿ ಹಂಗಾದ್ರ?' ಎಂದು ಕೇಳಿದನೋ. ಒಂದರಲ್ಲಿ ಪ್ರಶ್ನೆ ಇದೆ. ಇನ್ನೊಂದರಲ್ಲಿ ಉತ್ತರವನ್ನು ಮೊದಲೇ ಇಟ್ಟು ಕೇಳಿದಂತಿದೆ. ವಕೀಲರ ಉತ್ತರ ಮಾತ್ರ ಸ್ಪಷ್ಟವಾಗಿದೆ.

"ನಡುವ ಬಿಟ್ರ ಕರಾರು ಮುರದ ಬರೀಬೇಕು, ಲೆಕ್ಕ ಎರಡ ಆಗ್ತಾವ. ಇಲ್ಲದ ತಂಟೆ. ವರ್ಷ ಮುಗೀಲಿ, ಅಕ್ಕಾರು ಆರಾಮ ಬಿಡ್ಲಿ."

"ಕೇಳಿದೆಲ್ಲ ಆಪಾ" ಅಂದ ಅಬ್ಬಾ. "ವರ್ಷ ಮುಗದಿಲ್ಲ."

"ನಿನ್ನ ಮಾರಿನಾಗ ನನ್ನ ವರ್ಷ ಅಳೀಬ್ಯಾಡ ತಮ್ಮಾ. ನಿನ್ನ ಕೈ ಉದ್ದ ಅದಾವ."

ಗಿರಾಕಿಯೊಬ್ಬ ಹಗ್ಗದ ತುದಿ ಹಿಡಿದು ನಿಂತಿದ್ದ. ಅವನೂ ನಕ್ಕ. ಅಬ್ಬಾ ನಗಲಿಲ್ಲ. ಹಗ್ಗ ಕತ್ತರಿಸಿ ಕೊಟ್ಟ. ಎಷ್ಟು ಮಾರು ಎಂದು ಮರೆತು ಮತ್ತೆ ಅಳೆಯಬೇಕಾಯಿತು.

ಆ ಮಳೆಗಾಲ ನನಗೆ ಬಸ್ಸುಗಳಾಗಿಯೇ ನೆನಪಿದೆ. ವಾರಕ್ಕೊಮ್ಮೆ ಮುಂಡಗೋಡದಿಂದ ಹಳಿಯಾಳಕ್ಕೆ. ಬಂದಾಗೆಲ್ಲ ಅಕ್ಕ ತಮ್ಮ ಉರ್ದುವಿನಲ್ಲಿ ಊಟ ಬಡಿಸಿಕೊಂಡು ಕನ್ನಡದಲ್ಲಿ ಸುಮ್ಮನಿರುತ್ತಿದ್ದರು. ಫೂಫಿಗೆ ಮೂರು ಬಗೆಯ ವರ್ಷಗಳ ಲೆಕ್ಕ ಗಂಟುಬಿದ್ದಿತ್ತು. ಚಂದ್ರನನ್ನು ನೋಡಿ ಎಣಿಸುವ ಜಕಾತಿನ ವರ್ಷ ಎಲ್ಲಕ್ಕಿಂತ ಗಿಡ್ಡ. ಪೇಟೆಯ ವರ್ಷ ನಡುಮಧ್ಯ. ಸರ್ಕಾರದ್ದು ಎಳೆದದ್ದು. "ಅಲ್ಲಾ ಲಗೂ ಲಗೂ ಕೇಳ್ತಾನ, ಸರ್ಕಾರ ನಿಧಾನ ಕೊಡತೈತಿ" ಎನ್ನುತ್ತಿದ್ದಳು. ಅಬ್ಬಾ ಅವಳಿಗೆ ಹೇಳದೇ ಒಂದು ಸಲ ದಾಂಡೇಲಿಗೆ ಹೋಗಿ ಆ ಖೋಲಿ ನೋಡಿ ಬಂದನೆಂದು ಅಮ್ಮಿ ಹೇಳಿದಳು. ಯಾಕೆ ಹೋದ? ಖೋಲಿ ಚೆನ್ನಾಗಿದೆಯೋ ಎಂದು ನೋಡಲೋ, ಕೆಟ್ಟದಾಗಿದೆ ಎಂದು ಹೇಳಲು ಕಾರಣ ಹುಡುಕಲೋ? ಬಂದವನು ಒಂದೇ ಮಾತು ಅಂದನಂತೆ: "ಕಿಟಕಿ ಇಲ್ಲ."

ದೀಪಾವಳಿ ಬಂತು. ಆ ಸಲದ ಅಮಾವಾಸ್ಯೆಯ ಸಂಜೆ ಪೇಟೆಗೆ ಪೇಟೆಯೇ ಸ್ವಲ್ಪ ಪೆಚ್ಚಾಗಿತ್ತು. ಹೊಸ ವಹಿ ಬರೆಯುವಂತಿಲ್ಲ, ಪೂಜೆ ಬಿಡುವಂತಿಲ್ಲ. ಅರ್ಧ ತುಂಬಿದ ಹಳೆಯ ವಹಿಗಳಿಗೇ ಕುಂಕುಮ ಹಚ್ಚಿದರು. ಪಕ್ಕದ ಅಂಗಡಿಯವರು ಬತ್ತಾಸು ಕೊಡುತ್ತ, "ಲಕ್ಷ್ಮಿಗೂ ಎಕ್ಸ್‌ಟೆನ್ಶನ್ ಸಿಕ್ಕೈತ್ರಿ ಸಾಹೇಬ್ರ" ಎಂದರು. ಅಬ್ಬಾ ಅಭ್ಯಾಸದ ಮೇಲೆ ಕಿರ್ದಿ ತೆರೆದ. ಮೊದಲ ಹಾಳೆ ಇರಲಿಲ್ಲ, ನಡುವಿನ ಹಾಳೆ ಇತ್ತು. ೭೮೬ ಎಂದು ನಡುವಿನ ಹಾಳೆಯ ಮೇಲೆ ಬರೆಯುವುದೋ ಬೇಡವೋ ಎಂದು ಪೆನ್ನು ಹಿಡಿದು ಕೂತ. ಕೊನೆಗೆ ಬರೆಯಲಿಲ್ಲ. ಇದನ್ನು ನಾನು ನೋಡಿದ್ದೇನೆ. ಇದೊಂದನ್ನು ನಾನೇ ನೋಡಿದ್ದೇನೆ ಎಂದು ಹೇಳಬಲ್ಲೆ.

ಪಾಡ್ಯದ ಬೆಳಿಗ್ಗೆ ಫೂಫಿಯ ಟ್ರಂಕು ಅಂಗಡಿಯ ಮೆಟ್ಟಿಲ ಮೇಲಿತ್ತು.

"ಎಲ್ಲಿಗೆ ಆಪಾ?"

"ನಿನ್ನ ವರ್ಷ ನೀ ಇಟ್ಕೋ. ನಂದು ನಿನ್ನೆ ಮುಗೀತು."

"ರೊಕ್ಕ ಈಗ ಕೊಡಾಕ ಬರೂದಿಲ್ಲ. ಕಾಯದೆ ಐತಿ."

"ರೊಕ್ಕ ಕೇಳಿದ್ನೇನು? ಹೋಗಾಕ ಕಾಯದೆ ಬೇಕೇನು?"

"ಗಿರಣಿ ಇಲ್ಲದ ಗಿರಣಿ ಖೋಲ್ಯಾಗ ಏನ್ ಬೀಸ್ತೀ?"

"ನಿನ್ನ ಹೆಸರು ಹೇಳಿ ಗಾಳಿ ಬೀಸ್ತೇನಿ" ಎಂದು ಟ್ರಂಕು ಎತ್ತಿದಳು. ಅದು ಭಾರವಿತ್ತು. ಅಬ್ಬಾ ಇಳಿದು ಬಂದು ಅದನ್ನು ಕಸಿದುಕೊಂಡ. ತಡೆಯುತ್ತಾನೆ ಎಂದುಕೊಂಡೆ. ಬಸ್ ನಿಲ್ದಾಣದವರೆಗೆ ಹೊತ್ತು ನಡೆದ. ಫೂಫಿ ಅವನ ಹಿಂದೆ, ನಾನು ಅವಳ ಹಿಂದೆ.

ಮುಂದಿನ ಕೆಲವು ತಿಂಗಳು ಅವಳು ಬದುಕಿದ ರೀತಿ ನನಗೆ ಈಗಲೂ ನಗು ತರಿಸುತ್ತದೆ. ಗಿರಣಿ ಇರಲಿಲ್ಲ. ಆದರೆ ಗಿರಾಕಿಗಳು ಇದ್ದರು. ಪಾಳಿ ಮುಗಿಸಿ ಮಲಗುವ ಗಂಡಸರು, ಎರಡು ಮೂರು ಮಕ್ಕಳ ಹೆಂಗಸರು. ದೂರದ ಗಿರಣಿಗೆ ಹೋಗಿ ಸಾಲಿನಲ್ಲಿ ನಿಲ್ಲಲು ಯಾರಿಗೂ ಪುರುಸೊತ್ತಿಲ್ಲ. ಫೂಫಿ ಮನೆಮನೆಯಿಂದ ಜೋಳ, ಗೋದಿಯ ಡಬ್ಬಿ ತಂದು, ಕಾಳು ಹಸನು ಮಾಡಿ, ಆಟೋದಲ್ಲಿ ಹೇರಿ ಆ ಗಿರಣಿಗೆ ಒಯ್ದು, ಬೀಸಿಸಿ, ಮರಳಿ ಮನೆಮನೆಗೆ ಮುಟ್ಟಿಸುತ್ತಿದ್ದಳು. ಯಾರ ಡಬ್ಬಿ ಯಾವುದು ಎಂದು ತಿಳಿಯಲು ಆಯಾ ಮನೆಯ ಹಳೆಯ ಬಟ್ಟೆಯ ಚಿಂದಿಯನ್ನೇ ಹಿಡಿಕೆಗೆ ಕಟ್ಟುತ್ತಿದ್ದಳು. ಒಬ್ಬರ ಸೀರೆಯ ಅಂಚು, ಒಬ್ಬರ ಖಾಕಿ, ಒಬ್ಬರ ಲುಂಗಿ. ಖೋಲಿಗೆ ನಿಜಕ್ಕೂ ಕಿಟಕಿ ಇರಲಿಲ್ಲ.

ಅಷ್ಟರಲ್ಲಿ ಮಾರ್ಚ್ ಬಂತು. ವರ್ಷ ಮುಗಿಯುವುದು ಈಗ ಅಬ್ಬಾಗೆ ಬೇಕಾಗಿತ್ತು. ಎಲ್ಲ ಪಾಲುದಾರರ ಸಹಿ ಇಲ್ಲದಿದ್ದರೆ ಇಡೀ ಉದ್ದನೆಯ ವರ್ಷದ ಗಳಿಕೆ ಅವನೊಬ್ಬನ ತಲೆಗೇ ಬೀಳುತ್ತದೆ ಎಂದು ವಕೀಲರು ಹೇಳಿಕಳಿಸಿದ್ದರು. ಬಿಟ್ಟುಹೋಗುವ ಕಾಗದಕ್ಕೂ ಅವಳ ಸಹಿ ಬೇಕು, ಇದ್ದಳು ಎನ್ನುವ ಕಾಗದಕ್ಕೂ ಬೇಕು. ತೋರಿಸಲ್ಪಟ್ಟವಳು ಕೈ ಆಡಿಸದಿದ್ದರೆ ಏನನ್ನೂ ತೋರಿಸಲು ಆಗುವುದಿಲ್ಲ ಎಂದು ಮೊದಲ ಸಲ ಎಲ್ಲರಿಗೂ ಹೊಳೆಯಿತು.

ಮಾರ್ಚಿನ ಕೊನೆಯ ದಿನ ಅಬ್ಬಾ, ನಾನು ದಾಂಡೇಲಿಗೆ ಹೋದೆವು. ಶುಕ್ರವಾರ ಎಂದು ನೆನಪು, ಅಬ್ಬಾ ಜುಮ್ಮಾ ನಮಾಜನ್ನು ಅಲ್ಲಿಯೇ ಮುಗಿಸಿದ. ಹಳೆಯ ಕ್ಯಾಲೆಂಡರು ಹುಡುಕಿ ಪರೀಕ್ಷಿಸಬಹುದು. ಪರೀಕ್ಷಿಸಿಲ್ಲ. ಅವನ ಕೈಯಲ್ಲಿ ಬಟ್ಟೆಯ ಚೀಲ. ಅದರಲ್ಲಿ ಕಾಗದ ಇತ್ತು. ಕಾಗದ ಮಾತ್ರ ಇತ್ತೇ ಎಂದು ನಾನು ದಾರಿಯುದ್ದ ಚೀಲವನ್ನೇ ನೋಡಿದೆ. ಬಟ್ಟೆಯ ಮೇಲಿಂದ ಏನೂ ತಿಳಿಯಲಿಲ್ಲ.

ಫೂಫಿ ಮೊರ ಹಿಡಿದು ಜೋಳ ಕೇರುತ್ತಿದ್ದಳು. ತಮ್ಮನನ್ನು ನೋಡಿ ನಿಲ್ಲಿಸಲಿಲ್ಲ, ಅವನು ಅಂದು ಹಗ್ಗ ಅಳೆಯುವುದನ್ನು ನಿಲ್ಲಿಸದಿದ್ದಂತೆ.

"ಏನ್ ತಮ್ಮಾ, ಮುಗೀತೇನು ನಿನ್ನ ವರ್ಷ?"

"ಇವತ್ತ ಮುಗೀತೈತಿ ಆಪಾ."

ಖೋಲಿಯಲ್ಲಿ ಡಬ್ಬಿಗಳೇ ತುಂಬಿದ್ದವು. ಇಬ್ಬರಿಗೆ ಕೂರಲು ಜಾಗವಿತ್ತು, ಮೂವರಿಗೆ ಇರಲಿಲ್ಲ. ನಾನು ಹೊರಗೆ ನಿಂತೆ. ಅಬ್ಬಾ ಒಳಗೆ ಹೋದ. ಬಾಗಿಲು ತೆರೆದೇ ಇತ್ತು. ಆಗ ಮಿಲ್ಲಿನ ಭೋಂಗಾ ಕೂಗಿತು. ಪಾಳಿ ಬದಲಾಗುವ ಹೊತ್ತು, ಓಣಿಯಲ್ಲಿ ಸೈಕಲ್ಲುಗಳು ಹೊರಟವು. ಭೋಂಗಾ ನಿಂತ ಮೇಲೆ ನನಗೆ ಕೇಳಿದ್ದು ಫೂಫಿಯ ಒಂದೇ ಮಾತು, ಅದೂ ಉರ್ದುವಿನಲ್ಲಿ: ಚಹಾ ಕುಡಿದು ಹೋಗು.

ಎಷ್ಟೋ ವರ್ಷ ನಾನು ಇದನ್ನು ಹೀಗೇ ಹೇಳುತ್ತ ಬಂದಿದ್ದೆ. ನಡುವಿನ ಮಾತನ್ನೆಲ್ಲ ಭೋಂಗಾ ನುಂಗಿತು ಎಂದು. ಕೇಳುವವರಿಗೂ ಅದು ಹಿಡಿಸುತ್ತಿತ್ತು. ಆದರೆ ಭೋಂಗಾ ಅಷ್ಟು ಹೊತ್ತು ಕೂಗುವುದಿಲ್ಲ. ಹೆಚ್ಚೆಂದರೆ ಒಂದು ನಿಮಿಷ. ಅವರು ಒಳಗಿದ್ದದ್ದು ಅದಕ್ಕಿಂತ ಎಷ್ಟೋ ಹೆಚ್ಚು. ಅಂದರೆ ಅವರು ಆಡಿದ ಮಾತು ನನಗೆ ಕೇಳಿರಬೇಕು. ಕೇಳಿ ಮರೆತಿದ್ದೇನೆ. ಅಥವಾ ಅವರು ಆಡಿಯೇ ಇಲ್ಲ, ಅಷ್ಟು ಹೊತ್ತು ಡಬ್ಬಿಗಳ ನಡುವೆ ಸುಮ್ಮನೆ ಕೂತಿದ್ದರು, ಆ ಮೌನವನ್ನು ಮುಚ್ಚಲು ನಾನೇ ಭೋಂಗಾ ಕೂಗಿಸಿದ್ದೇನೆ.

ಅಬ್ಬಾ ಹೊರಗೆ ಬಂದಾಗ ಅವನ ಕೋಟಿನ ತೋಳಿಗೆ ಜೋಳದ ಹೊಟ್ಟು ಹತ್ತಿತ್ತು. ಕಾಗದಕ್ಕೆ ಸಹಿ ಆಗಿತ್ತು, ಅದನ್ನು ಬಸ್ಸಿನಲ್ಲಿ ಬಿಡಿಸಿ ನೋಡುತ್ತಿದ್ದ. ಫೂಫಿಯ ಉರ್ದು ಸಹಿ ಬಲದಿಂದ ಎಡಕ್ಕೆ ಸಾಗಿ ಅವನ ಇಂಗ್ಲಿಷ್ ಸಹಿಯ ಹತ್ತಿರ ಬಂದು ನಿಂತಿತ್ತು. ಚೀಲ ಹೋಗುವಾಗಿನದಕ್ಕಿಂತ ಹಗುರವಾಗಿತ್ತೋ ಇಲ್ಲವೋ, ಅವನು ಅದನ್ನು ನನ್ನ ಕೈಗೆ ಕೊಡಲಿಲ್ಲ.

ಮುಂದಿನ ವಾರವೇ ಶುರುವಾದ ರಮಜಾನ್ ಕಳೆದ ಮೇಲೆ ಖೋಲಿಯಲ್ಲಿ ಮೋಟಾರು ಕೂತಿತು, ಬೀಸುವ ಕಲ್ಲು ಬಂತು, ಗೋಡೆ ಒಡೆದು ಕಿಟಕಿಯನ್ನೂ ಇಟ್ಟರು. ಗಿರಣಿ ಬಹಳ ವರ್ಷ ನಡೆಯಿತು. ಅದಕ್ಕೆ ಹಣ ಎಲ್ಲಿಂದ ಬಂತು ಎಂದು ಕೇಳಿದರೆ ಫೂಫಿ, "ಹಿಟ್ಟ ಬೇಕಾ, ಲೆಕ್ಕ ಬೇಕಾ?" ಎನ್ನುತ್ತಿದ್ದಳು. ಅಬ್ಬಾನನ್ನು ಕೇಳಿದರೆ ಹಗ್ಗ ಅಳೆಯಲು ಏಳುತ್ತಿದ್ದ. ಮುದುಕಿ ಮಾಲಕಿ ಕೊಟ್ಟಳು ಎಂದು ಅಮ್ಮಿ, ಬಳೆ ಮಾರಿದಳು ಎಂದು ಓಣಿಯವರು. ತಿಳಿಯುವ ದಾರಿ ಒಂದಿತ್ತು. ಆ ರಮಜಾನಿನಲ್ಲಿ ಫೂಫಿ ದೊಡ್ಡ ಜಕಾತ್ ಕೊಟ್ಟಿದ್ದರೆ ಹಿಸ್ಸೆ ಅವಳ ಕೈ ಸೇರಿತ್ತು ಎಂದು ಅರ್ಥ. ಆದರೆ ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯಬಾರದು ಎಂದು ಕೊಡುವಂಥದ್ದು ಅದು. ಅವಳು ಹಾಗೇ ಕೊಡುತ್ತಿದ್ದಳು.

ಅಬ್ಬಾ, ಫೂಫಿ, ವಕೀಲರು ಮೂವರೂ ಇಲ್ಲದ ಮೇಲೆ ಲೆಕ್ಕ ಬಲ್ಲ ಒಬ್ಬರನ್ನು ಸುಮ್ಮನೆ ಕೇಳಿದೆ. ಪಾಲುದಾರರು ನಡುವರ್ಷದಲ್ಲಿ ಬಿಡಲು ಆಗ ಬರುತ್ತಿರಲಿಲ್ಲವೇ ಎಂದು. ಯಾವ ದಿನ ಬೇಕಾದರೂ ಬಿಡಬಹುದಿತ್ತು ಎಂದರು ಅವರು. ಒಂದಷ್ಟು ಬರೆಯುವ ಕೆಲಸ ಹೆಚ್ಚು, ಅಷ್ಟೇ. ವರ್ಷ ಮುಗಿಯಬೇಕು ಎಂದೇನೂ ಇರಲಿಲ್ಲ.

ಅಂಗಡಿಯ ಮೆಟ್ಟಿಲ ಮೇಲೆ 'ವರ್ಷ ಮುಗದಿಲ್ಲ' ಎಂದಾಗ ಅಬ್ಬಾಗೆ ಇದು ಗೊತ್ತಿತ್ತೋ ಇಲ್ಲವೋ, ನನಗೆ ಗೊತ್ತಿಲ್ಲ. ಅವನು ಅಕ್ಕನ ಹಣವನ್ನು ಹಿಡಿದಿಟ್ಟನೋ, ಅಕ್ಕನನ್ನೇ ಇನ್ನೈದು ತಿಂಗಳು ಹಿಡಿದಿಡಲು ನೋಡಿದನೋ, ಅಥವಾ ವಕೀಲರು ಹೇಳಿದ್ದನ್ನು ನಂಬಿದನೋ, ಅದೂ ಗೊತ್ತಿಲ್ಲ. ಆ ದಿನ ಚೀಲದಲ್ಲಿ ಏನಿತ್ತು ಎಂಬುದಂತೂ ಗೊತ್ತೇ ಇಲ್ಲ.